ಕುದುರೆ ಬಿಟ್ಟು ಓಲೆಗರಿ ಹಿಡಿದ ಮಳಖೇಡದ ಟೀಕಾಚಾರ್ಯರು

ಕಲಬುರಗಿ-ಸೇಡಂ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಮಳಖೇಡ ಅಂದ್ರ ರಾಷ್ಟ್ರಕೂಟರ ಹಳೇ ಕೋಟೆ, ಇಲ್ಲವೇ ಸಿಮೆಂಟ್ ಕಾರ್ಖಾನೆ. ಆದರೆ ಅಲ್ಲೇ ಕಾಗಿಣಾ ಹೊಳೆಯ ದಂಡೆಗೆ ಶತಮಾನಗಳ ಉತ್ತರಾದಿ ಮಠವೂ ಅದ. ಅಲ್ಲಿಗೆ ಹೋಗುವವರ ಬಾಯಲ್ಲಿ ಮೊದಲು ಬರುವ ಹೆಸರು ಟೀಕಾಚಾರ್ಯರು, ಅಂದರೆ ಜಯತೀರ್ಥರು.

ಟೀಕೆ ಅಂದ್ರ ಬೈಯೋದು ಅಂತ ನಾವೀಗ ತಿಳಕೊಂಡೀವಿ. ಆಗಿನ ಅರ್ಥ ಬೇರೆ. ಕಠಿಣ ಗ್ರಂಥವನ್ನು ಬಿಡಿಸಿ ತಿಳಿಸುವುದೇ ಟೀಕೆ. ಈ ಯತಿಗಳು ಜೀವಮಾನವೆಲ್ಲ ಮಾಡಿದ ಕೆಲಸ ಅದೇ.

ಕಾಲ 14ನೇ ಶತಮಾನ. ಮಠದ ಪರಂಪರೆ ಹೇಳುವಂತೆ ಇವರ ಮೊದಲ ಹೆಸರು ಧೋಂಡೋಪಂತ. ಸಿರಿವಂತ ಮನೆತನದ ಹುಡುಗ, ಕುದುರೆ ಸವಾರಿಯ ಶೋಕಿ. ಒಂದು ದಿನ ಭೀಮಾ ನದಿಗೆ ಕುದುರೆ ಇಳಿಸಿ, ಕೆಳಗಿಳಿಯದೆ, ಬಗ್ಗಿ ಬಾಯಿಂದಲೇ ನೀರು ಕುಡಿದನಂತೆ. ದಡದಲ್ಲಿದ್ದ ಅಕ್ಷೋಭ್ಯತೀರ್ಥರು ಕಂಡರು. ಇವರು ಮಧ್ವಾಚಾರ್ಯರ ನೇರ ಶಿಷ್ಯರು. ಹುಡುಗನನ್ನು ಮಾತಾಡಿಸಿದರು. ಹುಡುಗ ಸನ್ಯಾಸ ಬೇಡಿ ಕೂತ.

ಅಪ್ಪ ಸಿಟ್ಟಾಗಿ ಬಂದು ಮಗನನ್ನು ಮನೆಗೆ ಕರೆದೊಯ್ದ. ಮದುವೆಯನ್ನೂ ಮಾಡಿದ. ಮನಸ್ಸು ನಿಲ್ಲಲಿಲ್ಲ; ಕಡೆಗೆ ಅಪ್ಪನೇ ಸೋತು ಬಿಟ್ಟುಕೊಟ್ಟ. ಆ ಅಪ್ಪನ ಸಂಕಟ, ಕೈಹಿಡಿದ ಹೆಣ್ಣುಮಗಳ ಪಾಡು ಏನಾಗಿರಬೇಕು ಅನ್ನೋದನ್ನ ಓದುಗರೇ ಊಹಿಸಬಹುದು.

ಇಷ್ಟು ಬಿಟ್ಟು ಬಂದವರು ತಮ್ಮದೇ ಹೊಸ ಮತ ಕಟ್ಟಲಿಲ್ಲ. ಮಧ್ವರ ಬರಹ ಬಹಳ ಅಡಕ, ಎಲ್ಲರಿಗೂ ನಿಲುಕುವಂಥದ್ದಲ್ಲ. ಅದನ್ನು ಒಂದೊಂದೇ ಬಿಡಿಸಿ ಬರೆದರು. ಮಧ್ವರ ಬ್ರಹ್ಮಸೂತ್ರ ಭಾಷ್ಯಕ್ಕೆ ‘ತತ್ತ್ವಪ್ರಕಾಶಿಕಾ’, ಅನುವ್ಯಾಖ್ಯಾನಕ್ಕೆ ‘ನ್ಯಾಯಸುಧಾ’. ಯಾದಗಿರಿ ತಾಲ್ಲೂಕಿನ ಯರಗೋಳ ಗುಡ್ಡದ ಗವಿಯಲ್ಲಿ ಕೂತು ಬರೆದರೆಂದು ಭಕ್ತರ ನಂಬಿಕೆ. ಮುಂದೆ ವಿಜಯನಗರದ ವ್ಯಾಸರಾಯರು ತತ್ತ್ವಪ್ರಕಾಶಿಕೆಗೇ ‘ತಾತ್ಪರ್ಯಚಂದ್ರಿಕಾ’ ಅಂತ ಮತ್ತೊಂದು ವ್ಯಾಖ್ಯಾನ ಬರೆದರು. ನ್ಯಾಯಸುಧಾ ಓದಲಿಕ್ಕೆ ಇವತ್ತಿಗೂ ವರ್ಷಗಳೇ ಬೇಕು. ಓದು ಮುಗಿದಾಗ ಸುಧಾಮಂಗಳ ಅಂತ ದೊಡ್ಡ ಸಮಾರಂಭವೇ ನಡೀತದ.

1388ರಲ್ಲಿ ತೀರಿಕೊಂಡರೆಂದು ಪರಂಪರೆಯ ಲೆಕ್ಕ. ಮಳಖೇಡದಲ್ಲಿ ಗುರು ಅಕ್ಷೋಭ್ಯತೀರ್ಥರ ವೃಂದಾವನ ಅದ. ಟೀಕಾಚಾರ್ಯರದ್ದೂ ಇಲ್ಲೇ ಎಂದು ಉತ್ತರಾದಿ ಮಠದವರು ಪೂಜಿಸ್ತಾರ. ಆನೆಗೊಂದಿ ಹತ್ತಿರ ಎನ್ನುವವರೂ ಇದ್ದಾರೆ. ಆ ವಾದ ಪಂಡಿತರಿಗೆ ಬಿಡೋಣ.

2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ಮಠದೊಳಗೆ ನೀರು ನುಗ್ಗಿತ್ತು. ನೀರಿಳಿದ ಮೇಲೆ ಪೂಜೆ, ಪಾಠ ಮತ್ತೆ ನಡೆದವು. ಆಷಾಢ ಬಹುಳ ಪಂಚಮಿಗೆ ಟೀಕಾಚಾರ್ಯರ ಆರಾಧನೆ. ಆ ದಾರಿಯಲ್ಲಿ ಹೋಗುವವರು ಒಮ್ಮೆ ಇಳಿದು ನೋಡಿ ಬರ್ರಿ.