ಜಾರ್ಜ್ ಕೆನನ್ (ಪತ್ರಕರ್ತ)

ಜಾರ್ಜ್ ಕೆನನ್ (ಫೆಬ್ರವರಿ ೧೬, ೧೮೪೫ – ಮೇ ೧೦, ೧೯೨೪) ಅಮೆರಿಕದ ಪತ್ರಕರ್ತರು, ಪ್ರವಾಸ ಲೇಖಕರು ಹಾಗೂ ಉಪನ್ಯಾಸಕಾರರು. ಝಾರ್ ಚಕ್ರವರ್ತಿಗಳ ಆಳ್ವಿಕೆಯಲ್ಲಿ ಸೈಬೀರಿಯಕ್ಕೆ ಗಡೀಪಾರಾದ ರಾಜಕೀಯ ಕೈದಿಗಳ ಸ್ಥಿತಿಗತಿಯನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಇವರು ಪ್ರಮುಖರು. ಆ ಕೈದಿಗಳ ಭಾವಚಿತ್ರಗಳ ಇವರ ಸಂಗ್ರಹವು ರಷ್ಯಾದ ಇತಿಹಾಸದ ಮಹತ್ವದ ಆಕರವಾಗಿದೆ.

ಆರಂಭಿಕ ಜೀವನ

ಕೆನನ್ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಎಂಬಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂತಿ ಕಚೇರಿಯ ಕೆಲಸಕ್ಕೆ ಸೇರಿದರು. ಅಲಾಸ್ಕ, ಬೇರಿಂಗ್ ಜಲಸಂಧಿ ಹಾಗೂ ಸೈಬೀರಿಯದ ಮೂಲಕ ಅಮೆರಿಕ ಮತ್ತು ಯುರೋಪುಗಳ ನಡುವೆ ತಂತಿ ಮಾರ್ಗವನ್ನು ನಿರ್ಮಿಸುವುದು ವೆಸ್ಟರ್ನ್ ಯೂನಿಯನ್ ಸಂಸ್ಥೆಯ ಯೋಜನೆಯಾಗಿತ್ತು. ಅದರ ಸಮೀಕ್ಷೆಗಾಗಿ ಕೆನನ್ ೧೮೬೫ರಲ್ಲಿ ಕಮ್ಚಾಟ್ಕಕ್ಕೆ ತೆರಳಿದರು. ೧೮೬೬ರಲ್ಲಿ ಅಟ್ಲಾಂಟಿಕ್ ಸಾಗರದ ತಳದ ತಂತಿಯು ಯಶಸ್ವಿಯಾದುದರಿಂದ ಈ ಯೋಜನೆಯನ್ನು ಕೈಬಿಡಲಾಯಿತು. ಈ ಅನುಭವಗಳನ್ನು ಆಧರಿಸಿದ ಅವರ ಪ್ರವಾಸ ಗ್ರಂಥವು ೧೮೭೦ರಲ್ಲಿ ಪ್ರಕಟವಾಗಿ ಜನಪ್ರಿಯವಾಯಿತು.

ಸೈಬೀರಿಯದ ಎರಡನೆಯ ಪ್ರವಾಸ

ಕೆನನ್ ಮೊದಲು ರಷ್ಯಾ ಸರ್ಕಾರದ ಬೆಂಬಲಿಗರಾಗಿದ್ದರು. ಗಡೀಪಾರಿನ ಪದ್ಧತಿಯ ಮೇಲಿನ ಟೀಕೆಗಳು ಉತ್ಪ್ರೇಕ್ಷಿತವೆಂದೂ ಕ್ರಾಂತಿಕಾರಿಗಳು ವಿವೇಕಹೀನ ಮತಾಂಧರೆಂದೂ ಭಾವಿಸಿದ್ದರು. ಈ ಹೆಸರಿನಿಂದಾಗಿಯೇ ಸೈಬೀರಿಯದ ಸೆರೆಮನೆಗಳನ್ನು ನೋಡಲು ಅವರಿಗೆ ಅನುಮತಿ ದೊರೆಯಿತು. ಸೆಂಚುರಿ ಪತ್ರಿಕೆಯ ಪರವಾಗಿ ೧೮೮೫ರಲ್ಲಿ ಚಿತ್ರಕಾರ ಜಾರ್ಜ್ ಫ್ರಾಸ್ಟ್ ಅವರೊಡನೆ ಹೊರಟು, ತ್ಯುಮೆನ್, ಟಾಮ್ಸ್ಕ್ ಮತ್ತು ಇರ್ಕುಟ್ಸ್ಕ್‌ಗಳ ಮೂಲಕ ಕಾರಾ ಚಿನ್ನದ ಗಣಿಗಳವರೆಗೆ ಸಂಚರಿಸಿದರು.

ಕಿಕ್ಕಿರಿದ ಸೆರೆಮನೆಗಳು ಮತ್ತು ಅಲ್ಲಿನ ರೋಗರುಜಿನಗಳು ಅವರ ನಿಲುವನ್ನು ಬದಲಿಸಿದವು. ಭೇಟಿಯಾದ ರಾಜಕೀಯ ಕೈದಿಗಳಲ್ಲಿ ಅನೇಕರು ಸುಶಿಕ್ಷಿತರೂ ಸಭ್ಯರೂ ಆಗಿದ್ದರು. ಟಾಮ್ಸ್ಕ್‌ನಲ್ಲಿ ಕವಿ ಫೆಲಿಕ್ಸ್ ವೊಲ್ಖೋವ್ಸ್ಕಿ ಅವರನ್ನೂ, ಮಂಗೋಲಿಯದ ಗಡಿಗೆ ಸಮೀಪದ ಸೆಲೆಂಗಿನ್ಸ್ಕ್‌ನಲ್ಲಿ ಕ್ಯಾಥರೀನ್ ಬ್ರೆಶ್ಕೋವ್ಸ್ಕಿ ಅವರನ್ನೂ ಕಂಡರು. ಪೊಲೀಸರ ಕಣ್ಗಾವಲಿನ ನಡುವೆ ಇಂತಹ ಭೇಟಿಗಳು ಕೈದಿಗಳಿಗೂ ಅಪಾಯಕರವಾಗಿದ್ದವು. ಬಂಧನದ ಭಯದಿಂದ ಫ್ರಾಸ್ಟ್ ಅವರ ಮಾನಸಿಕ ಆರೋಗ್ಯವು ಹದಗೆಟ್ಟಿತು.

ಭಾವಚಿತ್ರಗಳ ಸಂಗ್ರಹ

ಕೆನನ್ ಗಡೀಪಾರಾದವರ ಭಾವಚಿತ್ರಗಳನ್ನು ಸಂಗ್ರಹಿಸಿದರು. ಸರ್ಕಾರವು ಅಪರಾಧಿಗಳೆಂದು ದೂರದ ಊರುಗಳಿಗೆ ಅಟ್ಟಿದ ವೈದ್ಯರು, ವಿದ್ಯಾರ್ಥಿಗಳು ಮತ್ತು ಲೇಖಕರ ಮುಖಗಳನ್ನು ಅಮೆರಿಕದ ಓದುಗರು ಇವುಗಳ ಮೂಲಕ ಕಂಡರು. ಕೆಲವು ಚಿತ್ರಗಳನ್ನು ಆಧರಿಸಿದ ಕೆತ್ತನೆಗಳು ಅವರ ಬರಹಗಳೊಡನೆ ಅಚ್ಚಾದವು. ಇಂದು ಈ ಸಂಗ್ರಹದ ಭಾಗಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಾಗೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಬರಹ ಮತ್ತು ಪ್ರಭಾವ

ಸೆಂಚುರಿ ಪತ್ರಿಕೆಯಲ್ಲಿ ೧೮೮೮ರಿಂದ ಪ್ರಕಟವಾದ ಲೇಖನಮಾಲೆಯು ೧೮೯೧ರಲ್ಲಿ ಸೈಬೀರಿಯ ಮತ್ತು ಗಡೀಪಾರು ಪದ್ಧತಿಯನ್ನು ಕುರಿತ ಎರಡು ಸಂಪುಟಗಳ ಗ್ರಂಥವಾಯಿತು. ರಷ್ಯಾದ ಸೆನ್ಸಾರ್ ಅಧಿಕಾರಿಗಳು ಪತ್ರಿಕೆಯ ಆ ಪುಟಗಳಿಗೆ ಮಸಿ ಬಳಿದರೂ, ರಷ್ಯನ್ ಅನುವಾದಗಳು ಗುಪ್ತವಾಗಿ ಹರಡಿದವು. ಕೆನನ್ ಕೈದಿಯ ಉಡುಪು ಮತ್ತು ಸಂಕೋಲೆಗಳನ್ನು ಧರಿಸಿ ವೇದಿಕೆಗೆ ಬಂದು, ನೂರಾರು ಉಪನ್ಯಾಸಗಳನ್ನು ನೀಡಿದರು. ಸೈಬೀರಿಯದಿಂದ ತಪ್ಪಿಸಿಕೊಂಡ ವೊಲ್ಖೋವ್ಸ್ಕಿ ಅವರಿಗೂ ನೆರವಾದರು. ೧೯೦೧ರಲ್ಲಿ ಮತ್ತೆ ರಷ್ಯಾಕ್ಕೆ ಹೋದಾಗ ಸರ್ಕಾರವು ಅವರನ್ನು ದೇಶದಿಂದ ಹೊರಹಾಕಿತು.

ರಾಜಕೀಯ ಕೈದಿಗಳ ಬಗೆಗಿನ ಅನುಕಂಪವನ್ನು ಕೆನನ್ ಸಾಮಾನ್ಯ ಅಪರಾಧಿಗಳ ಬಗೆಗೆ ಅಷ್ಟಾಗಿ ತೋರಲಿಲ್ಲ ಎಂಬ ಟೀಕೆಯಿದೆ. ಗಡೀಪಾರಾದವರಲ್ಲಿ ರಾಜಕೀಯ ಕೈದಿಗಳ ಪ್ರಮಾಣವು ಅತ್ಯಲ್ಪವಾಗಿತ್ತು.

ಕೊನೆಯ ದಿನಗಳು

ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಕೆನನ್ ಜಪಾನಿನಿಂದ ವರದಿ ಮಾಡಿದರು. ೧೯೧೭ರಲ್ಲಿ ಝಾರ್ ಆಡಳಿತವು ಕೊನೆಗೊಂಡುದನ್ನು ಸ್ವಾಗತಿಸಿದರಾದರೂ, ಬೊಲ್ಶೆವಿಕರ ಆಳ್ವಿಕೆಯನ್ನು ವಿರೋಧಿಸಿದರು. ೧೯೨೪ರಲ್ಲಿ ನ್ಯೂಯಾರ್ಕ್ ರಾಜ್ಯದ ಮೆಡೀನದಲ್ಲಿ ನಿಧನರಾದರು. ಶೀತಲ ಸಮರದ ಕಾಲದ ಪ್ರಸಿದ್ಧ ರಾಜತಾಂತ್ರಿಕ ಜಾರ್ಜ್ ಎಫ್. ಕೆನನ್ ಇವರ ದೂರದ ಸಂಬಂಧಿ.