ವೈದ್ಯೆ ಲೂಸಿ ವಿಲ್ಸ್

ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಬೇಕಾದುದೆಲ್ಲ ದೊರೆಯಿತೆಂದು ಹೇಳಲಾಗದು. ದಿನವೂ ಅನ್ನ ಮತ್ತು ತಿಳಿಸಾರು, ಇಲ್ಲವೆ ರೊಟ್ಟಿ ಮತ್ತು ಖಾರ, ಇಷ್ಟರಲ್ಲಿಯೇ ಕಾಲ ಕಳೆಯುವ ಮನೆಗಳಲ್ಲಿ ಹಸಿವು ಅಡಗಿದರೂ ರಕ್ತವು ಕ್ಷೀಣಿಸುವುದುಂಟು. ಗರ್ಭಿಣಿಯರಿಗೆ ಇದು ಪ್ರಾಣಾಪಾಯವನ್ನೇ ತರಬಲ್ಲುದು. ಈ ವ್ಯಾಧಿಯ ಒಂದು ಮೂಲವನ್ನು ನಮ್ಮ ದೇಶದ ಬಡ ತಾಯಂದಿರ ನಡುವೆಯೇ ಶೋಧಿಸಿ ತಿಳಿದ ಮಹಿಳೆಯ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಲೂಸಿ ವಿಲ್ಸ್ ಅವರು 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಸಮೀಪದಲ್ಲಿ ಜನಿಸಿದರು. ಚೆಲ್ಟನ್‌ಹ್ಯಾಮಿನ ಬಾಲಿಕಾ ವಿದ್ಯಾಲಯದಲ್ಲಿ ಓದಿ, ಕೇಂಬ್ರಿಜ್ಜಿನ ನ್ಯೂನ್‌ಹ್ಯಾಂ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಅಭ್ಯಸಿಸಿದರು. ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪರೀಕ್ಷೆ ಬರೆಯಲು ಅವಕಾಶವನ್ನಿತ್ತರೂ ಪದವಿಯನ್ನು ಕೊಡುತ್ತಿರಲಿಲ್ಲ. 1948ರವರೆಗೂ ಈ ಅನ್ಯಾಯವು ನಡೆದುಬಂದಿತು. ವಿಲ್ಸ್ ಅವರು ಇದರಿಂದ ಎದೆಗುಂದಲಿಲ್ಲ. 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯನ್ನು ಸೇರಿ, 1920ರಲ್ಲಿ ವೈದ್ಯರಾದರು.

1928ರಲ್ಲಿ ಅವರು ಮುಂಬಯಿಗೆ ಬಂದು, ಹಾಫ್‌ಕಿನ್ ಸಂಸ್ಥೆಯಲ್ಲಿ ತಾಯಂದಿರ ಮರಣದ ಕುರಿತು ನಡೆಯುತ್ತಿದ್ದ ವಿಚಾರಣೆಯಲ್ಲಿ ಸೇರಿದರು. ಅಲ್ಲಿನ ಬಡ ಗರ್ಭಿಣಿಯರಲ್ಲಿ ಒಂದು ಬಗೆಯ ರಕ್ತಹೀನತೆ ಕಾಣುತ್ತಿದ್ದಿತು. ರಕ್ತದ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಮಿತಿಮೀರಿ ದೊಡ್ಡವಾಗಿರುತ್ತಿದ್ದುವು. ಸೋಂಕೇ ಇದಕ್ಕೆ ಕಾರಣವೋ ಎಂದು ಮೊದಲು ಪರೀಕ್ಷಿಸಲಾಯಿತು; ಅದಲ್ಲವೆಂದು ತಿಳಿಯಿತು. ಬಳಿಕ ವಿಲ್ಸ್ ಅವರು ಆ ಹೆಂಗಸರು ಏನನ್ನು ಉಣ್ಣುತ್ತಾರೆಂದು ವಿಚಾರಿಸತೊಡಗಿದರು. ಯಾರ ಊಟವು ಅತಿ ಸಂಕುಚಿತವೋ ಅವರಲ್ಲಿಯೇ ರೋಗವು ಹೆಚ್ಚೆಂದು ಗೊತ್ತಾಯಿತು. ಔಷಧಶಾಲೆಯಲ್ಲಿ ಹುಡುಕಬೇಕಾದ ಉತ್ತರವು ಅಡುಗೆಮನೆಯಲ್ಲಿದ್ದಿತು.

ನಮ್ಮ ತೆಕ್ಕಲಕೋಟೆಯೂ ಬಳ್ಳಾರಿಯೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಅದೇ ಪ್ರಾಂತದ ಕೂನೂರಿನಲ್ಲಿ ಆಹಾರ ಸಂಶೋಧನೆಯನ್ನು ನಡೆಸುತ್ತಿದ್ದ ರಾಬರ್ಟ್ ಮೆಕ್ಯಾರಿಸನ್ ಅವರಲ್ಲಿಗೆ ವಿಲ್ಸ್ ಅವರು 1929ರಲ್ಲಿ ಹೋಗಿ ಕೆಲವು ತಿಂಗಳು ದುಡಿದರು. 1931ರಲ್ಲಿ ಮದರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ಕೆಲಸಮಾಡಿದರು. ಬಡವರ ಊಟವನ್ನೇ ತಿನ್ನಿಸಿದುದರಿಂದ ರಕ್ತಹೀನವಾಗಿದ್ದ ಕೋತಿಯೊಂದಕ್ಕೆ ಹುದುಗಿನ ಸಾರವಾದ ಮಾರ್ಮೈಟನ್ನು ಕೊಟ್ಟಾಗ ಅದು ಚೇತರಿಸಿಕೊಂಡಿತು. ರೋಗಿಗಳಾದ ತಾಯಂದಿರಿಗೂ ಅದನ್ನೇ ಕೊಟ್ಟರು. ಅವರ ರಕ್ತವು ಬೇಗನೆ ತುಂಬಿಬಂದಿತು. ಬೆಲೆಯಲ್ಲಿ ಅಗ್ಗವಾದ, ಸಸ್ಯಾಹಾರಿಗಳೂ ಸೇವಿಸಬಹುದಾದ ಮದ್ದು ಅದಾಗಿದ್ದಿತು. 1931ರಲ್ಲಿ ಈ ಶೋಧವು ಪ್ರಕಟವಾಯಿತು.

ಹುದುಗಿನಲ್ಲಿ ಅಡಗಿದ್ದ ಆ ವಸ್ತುವಿಗೆ ವಿದ್ವಾಂಸರು ವಿಲ್ಸ್ ಅವರ ಹೆಸರನ್ನೇ ಇಟ್ಟು ಕರೆದರು. 1941ರಲ್ಲಿ ಅಮೆರಿಕೆಯಲ್ಲಿ 4 ಟನ್ನು ಪಾಲಕ ಸೊಪ್ಪಿನಿಂದ ಇಂತಹದೊಂದು ವಸ್ತುವನ್ನು ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ನಾಯಕರು ಭೀಮವರದಲ್ಲಿ ಜನಿಸಿ, ಮದರಾಸಿನಲ್ಲಿ ವೈದ್ಯವನ್ನು ಕಲಿತ ಯಲ್ಲಾಪ್ರಗಡ ಸುಬ್ಬರಾವ್ ಅವರು.

ವಿಲ್ಸ್ ಅವರ ಇನ್ನೊಂದು ಸೂಕ್ಷ್ಮದೃಷ್ಟಿಯು ಸಸ್ಯಾಹಾರಿಗಳಿಗೆ ಬಹಳ ಮುಖ್ಯವಾದುದು. ಬೇರೊಂದು ಬಗೆಯ ರಕ್ತಹೀನತೆಯನ್ನು ಗುಣಪಡಿಸುತ್ತಿದ್ದ ಶುದ್ಧೀಕರಿಸಿದ ಯಕೃತ್ತಿನ ಸಾರವು ಈ ತಾಯಂದಿರಿಗೆ ಫಲಕಾರಿಯಾಗಲಿಲ್ಲ. ಆದುದರಿಂದ ಕೊರತೆಗಳು ಎರಡೆಂದು ಅವರು ತೋರಿಸಿದರು. ಆ ಎರಡನೆಯ ವಸ್ತುವೇ 1948ರಲ್ಲಿ ಬೇರ್ಪಟ್ಟ ಬಿ12 ಜೀವಸತ್ವ. ಇದು ಸೊಪ್ಪು ಕಾಳುಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಇದರ ಕೊರತೆಯು ವರ್ಷಗಳ ತರುವಾಯ ಕೈಕಾಲುಗಳ ಜೋಮಾಗಿ ತಲೆದೋರಿ ನರಗಳನ್ನು ಕೆಡಿಸಬಹುದು. ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತವು ಸುಧಾರಿಸಿದಂತೆ ಕಂಡು ನರಗಳ ಹಾನಿಯು ಮರೆಯಲ್ಲಿ ಮುಂದುವರಿಯುವ ಭಯವುಂಟು. ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಬಿ12 ಮಾತ್ರೆಯನ್ನು ಸೇವಿಸುವುದು ಅವಶ್ಯಕ.

ಸ್ವದೇಶಕ್ಕೆ ಮರಳಿದ ವಿಲ್ಸ್ ಅವರು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1947ರವರೆಗೆ ಸೇವೆಗೈದರು. ಆಡಂಬರವನ್ನೊಲ್ಲದೆ ಬೈಸಿಕಲ್ಲಿನಲ್ಲಿಯೇ ಆಸ್ಪತ್ರೆಗೆ ಹೋಗುತ್ತಿದ್ದರು. 1964ನೆಯ ಇಸವಿ ಏಪ್ರಿಲ್ 16ರಂದು ದಿವಂಗತರಾದರು. ಅವರ ಕೆಲಸವು ಅವರೊಡನೆ ಮುಗಿಯಲಿಲ್ಲ. ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ಅನೇಕ ದೋಷಗಳು ತಪ್ಪುವುವೆಂದು 1991ರಲ್ಲಿ ಸಿದ್ಧವಾಯಿತು.

ಸೋದರಿಯರೇ, ಈ ಚರಿತ್ರೆಯು ನಮಗೆ ದೂರದ್ದಲ್ಲ. ತೆಕ್ಕಲಕೋಟೆಯ ಗುಡ್ಡಗಳಲ್ಲಿ ಶಿಲಾಯುಗದವರ ನೆಲೆಗಳನ್ನು ಅಗೆದಾಗ ಹುರುಳಿ ದೊರೆತಿದೆ. ಕಾಳು ಈ ನೆಲದ ಹಳೆಯ ಆಹಾರ. ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಹೆಸರು, ಅಲಸಂದೆ, ಶೇಂಗಾ, ಇವು ನಮ್ಮ ಸಂತೆಯಲ್ಲಿಯೇ ದೊರೆಯುವುವು. ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಅದರ ಸತ್ವವೂ ಚೆಲ್ಲಿಹೋಗುವುದು. ಊಟದ ಕಡೆಗೆ ಒಂದು ಲೋಟ ಮಜ್ಜಿಗೆಯಿರಲಿ. ಶಾಲೆಗಳಲ್ಲಿ ಬಾಲಿಕೆಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುವು. ಅದನ್ನು ಕಿಟಕಿಯಾಚೆ ಎಸೆಯುವವರು, ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ತಿನ್ನುವ ತಾಯಂದಿರನ್ನು ಒಮ್ಮೆ ನೆನೆಯಲಿ. ಆ ತಾಯಂದಿರ ತಟ್ಟೆಯಲ್ಲಿ ಏನಿದೆಯೆಂದು ಮೊದಲು ಕೇಳಿದವರು ಲೂಸಿ ವಿಲ್ಸ್. ಇನ್ನು ಅದನ್ನು ಕೇಳಬೇಕಾದವರು ನಾವು.