ಮುಷ್ಟಿಮಲ್ಲ ಜೋ ಲೂಯಿಸ್

ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿ, ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿದ ಮೇಲೆ, ಫೋರ್ಟಿನಿಂದ ಮಾಟುಂಗದವರೆಗೆ ನಮ್ಮವರ ಕೋಣೆಗಳಲ್ಲಿ ನಡೆಯುವ ವಾದಗಳಿಗೆ ಕೊನೆಯೆಂಬುದಿಲ್ಲ. ಜಗತ್ತಿನ ಮುಷ್ಟಿಮಲ್ಲರಲ್ಲಿ ಸರ್ವಶ್ರೇಷ್ಠನು ಯಾರು ಎಂಬುದೂ ಅಂತಹದೊಂದು ವಾದ. ಮೂರು ಬಾರಿ ಜಗಜ್ಜೆಟ್ಟಿ ಪದವಿಯನ್ನು ಗೆದ್ದ ಮುಹಮ್ಮದ್ ಅಲಿಯೆಂದು ಒಬ್ಬರೆಂದರೆ, ಹೂಡಿದ 49 ಪಂದ್ಯಗಳಲ್ಲಿ ಒಂದನ್ನೂ ಸೋಲದ ರಾಕಿ ಮಾರ್ಸಿಯಾನೊ ಎಂದು ಇನ್ನೊಬ್ಬರು. ನಾವಾದರೋ ಜೋ ಲೂಯಿಸನ ಪಕ್ಷದವರು. ಕಾರಣವನ್ನು ವಾಚಕರ ಮುಂದಿಡುತ್ತೇವೆ.

ಜೋ ಲೂಯಿಸ್ ಬ್ಯಾರೋ 1914ರ ಮೇ 13ರಂದು ಅಮೆರಿಕದ ಅಲಬಾಮಾ ಪ್ರಾಂತದ ಬಡ ನೀಗ್ರೋ ಒಕ್ಕಲು ಮನೆತನದಲ್ಲಿ ಜನಿಸಿದನು. ಅವನ ಹಿರಿಯರು ಗುಲಾಮಗಿರಿಯನ್ನು ಕಂಡವರು. ಹೊಟ್ಟೆಪಾಡಿಗಾಗಿ ಕುಟುಂಬವು ಊರು ಬಿಟ್ಟು ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ಊರು ಬಿಟ್ಟು ಬಂದವರ ಪಾಡು ಎಂತಹದೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ನಾವು ವಿವರಿಸಬೇಕಾಗಿಲ್ಲ. ಮಗನು ಪಿಟೀಲು ಕಲಿಯಲೆಂದು ತಾಯಿ ಉಳಿಸಿ ಕೊಟ್ಟ ಚಿಲ್ಲರೆ ಹಣವು ಗರಡಿಯ ಪಾಲಾಯಿತು. 1934ರಲ್ಲಿ ಅವನು ವೃತ್ತಿನಿರತ ಮಲ್ಲನಾದನು. ಕೈಯಲ್ಲಿ ಹಣ ಕೂಡುತ್ತಲೇ, ಕಷ್ಟಕಾಲದಲ್ಲಿ ತನ್ನ ಮನೆಯವರು ಸರಕಾರದಿಂದ ಪಡೆದಿದ್ದ ಪರಿಹಾರಧನವನ್ನು ಹಿಂತಿರುಗಿಸಿದನು.

1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನು ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದನು. ಎಡಗೈಯಿಂದ ಹೊಡೆದ ಬಳಿಕ ಲೂಯಿಸನು ಆ ಕೈಯನ್ನು ಕೆಳಗಿಳಿಸುತ್ತಿದ್ದುದನ್ನು ಶ್ಮೆಲಿಂಗನು ಕಂಡುಕೊಂಡಿದ್ದನು. ಸೋತವನು ಎದೆಗುಂದಲಿಲ್ಲ. ಮರುವರ್ಷವೇ ಬ್ರ್ಯಾಡಕನನ್ನು ಸೋಲಿಸಿ ಜಗಜ್ಜೆಟ್ಟಿಯಾದನು. 1915ರಲ್ಲಿ ಜ್ಯಾಕ್ ಜಾನ್ಸನನು ಕಳೆದುಕೊಂಡ ಬಳಿಕ ಕರಿಯರಾರಿಗೂ ದಕ್ಕದಿದ್ದ ಪಟ್ಟವದು.

1938ರ ಜೂನ್ 22ರಂದು ನ್ಯೂಯಾರ್ಕಿನಲ್ಲಿ ಶ್ಮೆಲಿಂಗನೊಡನೆ ಮತ್ತೆ ಪಂದ್ಯ ನಡೆಯಿತು. ಹಿಟ್ಲರನ ಜನಾಂಗಗರ್ವವು ಮೆರೆಯುತ್ತಿದ್ದ ಕಾಲವದು. ಸುಮಾರು 70,000 ಪ್ರೇಕ್ಷಕರ ಎದುರಿನಲ್ಲಿ ಕೇವಲ 124 ಸೆಕೆಂಡುಗಳಲ್ಲಿ ಪಂದ್ಯ ಮುಗಿಯಿತು. ಸ್ವದೇಶದಲ್ಲಿ ಬಿಳಿಯರ ಸಾಲಿನಲ್ಲಿ ಕೂತು ಉಣ್ಣಲಾರದ ಕುಲದವನು ಅಂದು ಇಡೀ ದೇಶದ ವೀರನಾದನು.

ಹನ್ನೊಂದು ವರ್ಷ ಎಂಟು ತಿಂಗಳ ಕಾಲ ಪಟ್ಟವನ್ನು ಕಾಪಾಡಿಕೊಂಡು, 25 ಸಲ ಎದುರಾಳಿಗಳನ್ನು ಹಿಮ್ಮೆಟ್ಟಿಸಿದನು. ಭಾರಿ ತೂಕದ ಮಲ್ಲರಲ್ಲಿ ಈ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಗೆಲ್ಲುವುದಕ್ಕಿಂತ ಗೆದ್ದುದನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಬಲ್ಲವರು ನಮ್ಮ ಪಕ್ಷವನ್ನು ಒಪ್ಪದಿರಲಾರರು.

ಆದರೆ ಪದವಿಯನ್ನು ಉಳಿಸಿಕೊಂಡವನಿಗೆ ಹಣವನ್ನು ಉಳಿಸಿಕೊಳ್ಳಲಾಗಲಿಲ್ಲ. ಉದಾರಿಯಾದ ಅವನು ಬಂದುದನ್ನೆಲ್ಲ ಹಂಚಿದನು. ಲೆಕ್ಕವನ್ನು ಪರರ ಕೈಗೆ ಬಿಟ್ಟನು. 1942ರಲ್ಲಿ ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರನಿಧಿಗಳಿಗೆ ದಾನಮಾಡಿ, ತಾನೂ ಸಿಪಾಯಿಯಾಗಿ ಸೇರಿದನು. ದಾನಕೊಟ್ಟ ಆ ಹಣವನ್ನೂ ಅವನ ಆದಾಯವೆಂದೇ ಎಣಿಸಿ ಸರಕಾರವು ತೆರಿಗೆ ಹೇರಿತು. ಹಳೆಯ ಬಾಕಿಗೆ ಬಡ್ಡಿ, ದಂಡ ಸೇರಿ ಋಣವು ಹತ್ತು ಲಕ್ಷ ಡಾಲರುಗಳನ್ನು ಮೀರಿತು. ನಿವೃತ್ತನಾಗಿದ್ದವನು ಹಣದ ಅಡಚಣೆಯಿಂದ ಮತ್ತೆ ಅಖಾಡಕ್ಕಿಳಿದನು. 1951ರಲ್ಲಿ ಮಾರ್ಸಿಯಾನೊ ಅವನನ್ನು ಸೋಲಿಸಿದನು. ಮೂವತ್ತೇಳರ ಲೂಯಿಸನ ಮೇಲಿನ ಆ ಜಯವನ್ನು ಶ್ರೇಷ್ಠತೆಯ ನಿರ್ಣಯಕ್ಕೆ ಸಾಕ್ಷ್ಯವಾಗಿ ತರುವುದು ನ್ಯಾಯವಲ್ಲ.

ಕೊನೆಗಾಲದಲ್ಲಿ ಲಾಸ್ ವೇಗಾಸಿನ ಸೀಸರ್ಸ್ ಪ್ಯಾಲೇಸ್ ಎಂಬ ಹೋಟೆಲಿನಲ್ಲಿ, ಬಂದ ಅತಿಥಿಗಳನ್ನು ಸ್ವಾಗತಿಸುವುದೇ ಅವನ ಉದ್ಯೋಗವಾಯಿತು. ಇದನ್ನು ಕೆಲವರು ಅಧಃಪತನವೆಂದು ಬರೆದಿದ್ದಾರೆ. ದಿನವೆಲ್ಲ ನಿಂತು ಗಿರಾಕಿಗಳನ್ನು ಆದರಿಸಿ ಅನ್ನ ಸಂಪಾದಿಸುವ ನಮ್ಮ ಬಂಧುಗಳಾರೂ ಹಾಗೆ ಹೇಳರೆಂದು ನಮ್ಮ ನಂಬುಗೆ. ದುಡಿದು ತಿನ್ನುವುದರಲ್ಲಿ ಹೀನಾಯವೇನು?

1981ರ ಏಪ್ರಿಲ್ 12ರಂದು ಅವನು ತೀರಿಕೊಂಡನು. ಆರ್ಲಿಂಗ್ಟನಿನ ಸೈನಿಕ ಸ್ಮಶಾನದಲ್ಲಿ ಗೌರವದಿಂದ ಮಣ್ಣುಮಾಡಲಾಯಿತು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ, ಮುಂದೆ ಆಪ್ತಮಿತ್ರನಾಗಿದ್ದ ಶ್ಮೆಲಿಂಗನೂ ಒಬ್ಬನು. ಎದುರಾಳಿಯ ಪ್ರೀತಿಯನ್ನೂ ಗೆದ್ದವನನ್ನು ಶ್ರೇಷ್ಠನೆನ್ನದೆ ಇನ್ನಾರನ್ನು ಎನ್ನೋಣ?

ಇಂದು ರಾತ್ರಿ ಕೋಣೆಯಲ್ಲಿ ವಾದ ಮುಂದುವರಿಯಲಿ. ಆದರೆ ಮಲಗುವ ಮುನ್ನ ಪ್ರತಿಯೊಬ್ಬರೂ ತಮ್ಮ ಪಾಸ್‌ಬುಕ್ಕನ್ನೊಮ್ಮೆ ತಾವೇ ತೆರೆದು ನೋಡಿಕೊಳ್ಳಲಿ ಎಂಬುದು ನಮ್ಮ ವಿನಂತಿ.